ಅಂಗೈಗೆ ಅರಗು

ನಮ್ಮ ಬೀದಿಯ ಯಾರನ್ನು ಬೇಕಾದರೂ ಅಣಕಿಸಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಹಾಲಿನ ಡೈರಿ ಸೆಕ್ರೆಟರಿಗೆ ಮೂಗೊಂದಿದ್ದರೆ ಸಾಕು. ನನ್ನ ತಾಯಿಯನ್ನು ಮಾಡಲು ಬಾಯಿಯೇ ಬೇಡ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರೆ ಮನೆಯವರೆಲ್ಲ ತಪ್ಪು ಒಪ್ಪಿಕೊಳ್ಳುತ್ತಾರೆ. ನನ್ನನ್ನೇ ಮಾಡಬೇಕೆಂದರೆ ಇನ್ನೂ ಸುಲಭ: ಬಿಡದಿಯ ಫ್ಯಾಕ್ಟರಿ ಬಸ್ಸಿನಲ್ಲಿ ಬಾಯಿ ತೆರೆದು, ಪಕ್ಕದವನ ಭುಜದ ಮೇಲೆ ಜೊಲ್ಲು ಸುರಿಸಿ ಮಲಗಿದರಾಯಿತು. ವಾರವೆಲ್ಲ ಕಾರಿನ ಬಾಗಿಲಿಗೆ ರಬ್ಬರ್ ಕೂರಿಸುವವನು ನಾನು, ಭಾನುವಾರ ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಎರಡೂ ಕಡೆ ಜನ ನನ್ನನ್ನು ಸಹಿಸಿಕೊಂಡಿದ್ದಾರೆ.

ಆದರೆ ಗೋಡೆಯಾಚೆಯ ಚಾಚಾ ಮಾತ್ರ ನನ್ನ ಗಂಟಲಿಗೆ ಬಹಳ ದಿನ ಸಿಗಲಿಲ್ಲ.

ಚಾಚಾ ಗೊಂಬೆ ಮಾಡುವವರು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಹೀಗೆಂದರೆ ಏನೂ ಹೇಳಿದಂತಾಗುವುದಿಲ್ಲ, ಅರ್ಧ ಬೀದಿ ಅದನ್ನೇ ಮಾಡುತ್ತದೆ. ಹಾಲೆ ಮರದ ತುಂಡನ್ನು ಲೇತಿಗೆ ಕೂರಿಸಿ, ಅದು ಗಿರಗಿರ ತಿರುಗುವಾಗ ಉಳಿ ಹಿಡಿದು ಕೆತ್ತಿ, ತಿರುಗುತ್ತಿರುವಂತೆಯೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಗರಿ ಒತ್ತಿದರೆ ಹೊಳಪು. ನಾನು ಹುಟ್ಟಿದಂದಿನಿಂದ ನಮ್ಮಿಬ್ಬರ ಮನೆಯ ನಡುವಿನ ಗೋಡೆಯಲ್ಲಿ ಆ ಲೇತಿನ ಸದ್ದು ಇತ್ತು. ಅದು ನಿಂತರೆ ನಮ್ಮ ಮನೆಯ ಬೆಕ್ಕಿಗೂ ಎಚ್ಚರವಾಗುತ್ತಿತ್ತು.

ಅವರ ಅಣಕ ಗಂಟಲಿನಿಂದ ಶುರುವಾಗುವುದಿಲ್ಲ, ಕತ್ತಿನಿಂದ ಶುರುವಾಗುತ್ತದೆ. ಇದು ನನಗೆ ತಡವಾಗಿ ಹೊಳೆಯಿತು. ಕತ್ತನ್ನು ಎಡಕ್ಕೆ ಸ್ವಲ್ಪ ವಾಲಿಸಬೇಕು, ಎದುರಿಗಿದ್ದವನ ಮಾತನ್ನಲ್ಲ, ಅವನೊಳಗೆ ತಿರುಗುತ್ತಿರುವ ಯಾವುದೋ ಯಂತ್ರದ ಸದ್ದು ಕೇಳುತ್ತಿರುವವರ ಹಾಗೆ. ಆಮೇಲೆ ತುಟಿ ಮುಂದೆ ಚಾಚಿ ಒಂದು ಸಲ 'ಫೂ' ಎಂದು ಊದಬೇಕು. ಗೊಂಬೆಯ ಮೇಲಿನ ಹೊಟ್ಟು ಊದಿ ಊದಿ ಆ ಅಭ್ಯಾಸ ಅವರಿಗೆ ಹತ್ತಿತ್ತು, ಚಹಾ ಆರಿದ್ದರೂ ಊದುತ್ತಿದ್ದರು, ಮೊಬೈಲ್ ತೆಗೆದರೂ ಊದುತ್ತಿದ್ದರು. ಇಷ್ಟು ಆದ ಮೇಲೆ, ಕೊನೆಗೆ, ರಾ ಅಕ್ಷರವನ್ನು ಎಳೆದು, "ಆರಾ...ಮ."

ಅದು ಅವರ ಜೀವಮಾನದ ಉತ್ತರ. ಗಾಳಿಮಳೆಗೆ ಅವರ ಲೇತಿನ ಕೊಟ್ಟಿಗೆಯ ಶೀಟು ಹಾರಿಹೋದಾಗ ನನ್ನ ತಾಯಿ ಓಡಿಹೋಗಿ ಕೇಳಿದ್ದರು.

"ಹೆಂಗಿದೀರ ಸಾಬ್ರೇ?"

"ಆರಾ...ಮ. ಗಾಳಿ ಚೆನ್ನಾಗ್ ಬತ್ತೈತೆ."

ಒಮ್ಮೆ ಯಾರದೋ ಮದುವೆಯಲ್ಲಿ ವೇದಿಕೆಯ ಮೇಲೆ ಅವರನ್ನೇ ಮಾಡಿಬಿಟ್ಟೆ. ಮುಂದಿನ ಸಾಲಿನಲ್ಲಿ ಅವರೂ ಚಾಚಿಯೂ ಕೂತಿದ್ದುದು ಶುರು ಮಾಡಿದ ಮೇಲೆ ಕಂಡಿತು. ಇಳಿದು ಬಂದಾಗ ಬೆನ್ನಿಗೆ ಬೀಳುತ್ತದೆಂದು ಕಾದೆ. ಚಾಚಾ ಕೈ ಹಿಡಿದು ಪಕ್ಕಕ್ಕೆ ಎಳೆದರು.

"ಲೇ ರೇಡಿಯೋ, ಕತ್ತು ಸರಿ ಐತೆ. ಊದಿದ್ದೂ ಸರಿ. ನಗು ಹಂಗಲ್ಲ ಕಣ್ಲಾ. ನಾನು ನಗ್ವಾಗ ಮೊದ್ಲು ಭುಜ ನಗ್ತೈತೆ, ಆಮೇಲೆ ಬಾಯಿ. ನೋಡು."

ಊಟದ ಪಂಕ್ತಿಯ ಮಧ್ಯೆ ನಿಂತು ನಕ್ಕು ತೋರಿಸಿದರು. ತನ್ನನ್ನು ಅಣಕಿಸಲು ತಾನೇ ಪಾಠ ಹೇಳಿಕೊಟ್ಟ ಮನುಷ್ಯನನ್ನು ನಾನು ಇನ್ನೊಬ್ಬರನ್ನು ಕಾಣೆ.

ಅವರಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದಾಗ ಬೀದಿಗೆ ಮೊದಲು ಬಂದದ್ದು ದುಃಖವಲ್ಲ, ಅನುಮಾನ. ಲಿವರ್ ಎಂದರೆ ಕುಡಿತ ಎಂದು ಹೇಳುವುದರಲ್ಲಿ ನಮ್ಮ ಕಡೆ ಎಲ್ಲರೂ ವೈದ್ಯರೇ. ಹನಿ ಮುಟ್ಟದವರ ಬಗ್ಗೆ ಹೀಗೆ ಪಿಸುಗುಟ್ಟುವುದನ್ನು ಕೇಳಿ ನನ್ನ ತಾಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬೀದಿಯ ತುದಿಯವರೆಗೂ ಹೋಗಿ ಬಂದರು. ಯಾವತ್ತೋ ಬಂದಿದ್ದ ಕಾಮಾಲೆಯ ವೈರಸ್ಸು ಒಳಗೇ ಸದ್ದಿಲ್ಲದೆ ಕೂತಿತ್ತಂತೆ, ಹೀಗೆಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಆಪರೇಷನ್ ಮಾಡುವ ಜಾಗದಲ್ಲಿಲ್ಲ ಗಡ್ಡೆ. ದಿನವೂ ಮನೆಯಲ್ಲೇ ಮಾತ್ರೆ ನುಂಗಬೇಕು. ಟಾರ್ಗೆಟೆಡ್ ಥೆರಪಿ ಎಂದರು.

"ಅಂದ್ರೆ ಏನ್ಲಾ?" ಎಂದು ಚಾಚಾ ನನ್ನನ್ನು ಕೇಳಿದರು. ಅವರ ಮಗಳು ಮಾಗಡಿಯಲ್ಲಿ, ಕೈಗೂಸಿನ ತಾಯಿ. ಆದ್ದರಿಂದ ಶಿಫ್ಟು ಬದಲಾಯಿಸಿಕೊಂಡು ಆಸ್ಪತ್ರೆಗೆ ಜೊತೆ ಹೋಗುತ್ತಿದ್ದವನು ನಾನು.

"ಗುರಿ ಇಟ್ಟು ಹೊಡೆಯೋ ಮಾತ್ರೆ ಚಾಚಾ. ನೇರ ಗಡ್ಡೆಗೇ ಹೋಗಿ ಬೀಳುತ್ತಂತೆ."

"ನಮ್ ಹುಡುಗ್ರು ಮಾವಿನ್‌ಕಾಯ್ಗೆ ಗುರಿ ಇಟ್ಟು ನಮ್ ಹಂಚು ಒಡೀತಾರಲ್ಲ, ಹಂಗಾಗ್ದಿದ್ರೆ ಸಾಕು."

ಮಾತ್ರೆಯ ವಿಷಯವೆಲ್ಲ ವಿವರಿಸಲು ಒಬ್ಬ ಸಿಸ್ಟರ್ ಇದ್ದರು. ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆಯವರು. ಸಮಾಧಾನದಲ್ಲಿದ್ದಾಗ ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಊರಿನದು ಹೊರಗೆ ಬರುತ್ತಿತ್ತು. ಅವರು ಚಾಚಾರನ್ನೂ ಚಾಚಿಯನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು, ಬೊಬ್ಬೆ ಏಳಬಹುದು. ಭೇದಿ ಆಗಬಹುದು. ಬಿ.ಪಿ. ಏರಬಹುದು. ಬಾಯಿ ಹುಣ್ಣು, ಸುಸ್ತು, ಊಟ ಸೇರದಿರುವುದು. ಕೆಲವರಿಗೆ ಗಂಟಲು ಒಡೆದು ದನಿ ಬದಲಾಗುತ್ತದೆ.

"ಇದ್ರಲ್ಲಿ ಏನೇ ಬಂದ್ರೂ ನಮಗೆ ಹೇಳಿ. ಡೋಸ್ ಕಡಿಮೆ ಮಾಡ್ತೀವಿ, ಇಲ್ಲಾ ಕೆಲವು ದಿನ ನಿಲ್ಲಿಸಿ ಮತ್ತೆ ಕೊಡ್ತೀವಿ. ಎಲ್ಲಕ್ಕೂ ದಾರಿ ಇದೆ. ನೀವಾಗೇ ಮಾತ್ರೆ ನಿಲ್ಲಿಸೋದೂ ಬೇಡ, ನೀವಾಗೇ ಸಹಿಸ್ಕೊಂಡು ಕೂರೋದೂ ಬೇಡ. ಪ್ರತಿ ಶುಕ್ರವಾರ ನಾನೇ ಫೋನ್ ಮಾಡ್ತೀನಿ."

"ಜುಮ್ಮಾ ನಮಾಜ್ ಮುಗಿದ್ಮೇಲೆ ಮಾಡಿ ಸಿಸ್ಟರಮ್ಮ," ಎಂದರು ಚಾಚಾ.

ಆಮೇಲೆ ಸಿಸ್ಟರ್ ಅವರ ಬಲಗೈಯನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ, ಉಳಿಯ ಹಿಡಿ ಕೂರುವ ಜಾಗದಲ್ಲಿ, ರೂಪಾಯಿ ಅಗಲದ ಜಡ್ಡು. ಬಡಿದರೆ ಟಕ್ ಎನ್ನುವಷ್ಟು ಗಟ್ಟಿ.

"ಚರ್ಮ ಜಡ್ಡುಗಟ್ಟಿರೋ ಕಡೆನೇ ಈ ಮಾತ್ರೆ ಜಾಸ್ತಿ ಕಾಟ ಕೊಡೋದು. ಇದನ್ನ ಮೊದ್ಲೇ ಮೆತ್ತಗೆ ಮಾಡ್ಕೋಬೇಕು. ಈ ಕ್ರೀಮ್ ಹಚ್ಚಿ. ಬಿಸಿ, ಉಜ್ಜೋ ಕೆಲಸ ಎರಡರಿಂದಲೂ ದೂರ ಇರಿ."

ಚಾಚಾ ಕೈ ಹಿಂದಕ್ಕೆ ಎಳೆದುಕೊಂಡರು. "ಸಿಸ್ಟರಮ್ಮ, ಇದು ಜಡ್ಡಲ್ಲ, ನನ್ ಸರ್ವೀಸು. ಇದ್ ಹೋದ್ರೆ ಉಳಿ ಹಿಡಿಯಾಕೆ ಬೇರೆ ಕೈ ತರ್ಬೇಕಾಯ್ತದೆ."

ಬಿಸಿ ಮತ್ತು ಉಜ್ಜುವುದು ಎರಡನ್ನೂ ಬಿಟ್ಟರೆ ಗೊಂಬೆ ಕೆಲಸದಲ್ಲಿ ಉಳಿಯುವುದು ಗೊಂಬೆ ಮಾತ್ರ. ಕ್ರೀಮಿನ ಡಬ್ಬಿ ಮನೆಗೆ ಬಂದು ಕಪಾಟಿನಲ್ಲಿ ಕೂತಿತು. ಚಾಚಾ ಲೇತಿನ ಮುಂದೆ ಕೂತರು.

ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೊಂದು ಸಂಗತಿ ನಡೆಯಿತು. ನಮ್ಮ ಪಕ್ಕದಲ್ಲಿ ಮಾಗಡಿ ಕಡೆಯ ಒಬ್ಬರು ಕೂತಿದ್ದರು, ಕುರಿ ಸಾಕುವವರು. ಅದೇ ಕಾಯಿಲೆ, ಅದೇ ಮಾತ್ರೆ. ಪಾದಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದರು. "ಕಾಲು ಉರಿ ಅಂದೆ ನೋಡಿ, ಮಾತ್ರೆ ನಿಲ್ಸ್‌ಬುಟ್ರು," ಎಂದು ತೀರಾ ಸಾಧಾರಣವಾಗಿ ಹೇಳಿದರು. ಮುಂದಿನ ಸಲ ಹೋದಾಗ ಆ ಜಾಗ ಖಾಲಿ ಇತ್ತು. ಚಾಚಾ ಆ ಖಾಲಿ ಜಾಗವನ್ನು ಕತ್ತು ವಾಲಿಸಿ ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಮಾತ್ರೆ ಶುರುವಾದ ಮೇಲೆ ನನ್ನ ಕಿವಿ ಗೋಡೆಗೆ ಅಂಟಿತು. ನಮ್ಮ ಗೋಡೆ ಎಷ್ಟು ತೆಳುವೆಂದರೆ ಆಚೆ ಚಾಚಿ ಸಾಸಿವೆ ಹಾಕಿದರೆ ಈಚೆ ನನ್ನ ತಾಯಿಗೆ ಸೀನು ಬರುತ್ತದೆ. ಅವರ ಬಚ್ಚಲಿನ ತಗಡಿನ ಬಾಗಿಲಿಗೆ ಒಂದು ಕಿರುಗುಟ್ಟುವಿಕೆ ಇತ್ತು. ಮೊದಲು ಬೆಳಿಗ್ಗೆ ಕಿರುಗುಟ್ಟುತ್ತಿತ್ತು. ಆಮೇಲೆ ಬೆಳಿಗ್ಗೆಯೆಲ್ಲ ಕಿರುಗುಟ್ಟತೊಡಗಿತು.

"ಚಾಚಾ, ಬಾಗ್ಲು ಇವತ್ತು ಫುಲ್ ಕಛೇರಿ ಮಾಡ್ತಲ್ಲ?" ಎಂದು ಕೇಳಿದರೆ, ಭುಜ ನಕ್ಕಿತು, ಬಾಯಿ ನಗಲಿಲ್ಲ.

"ಆರಾ...ಮ. ಎಣ್ಣೆ ಹಾಕ್ಬೇಕು ಅದ್ಕೆ."

ಬಿ.ಪಿ. ಮಿಷನ್ ತಂದುಕೊಟ್ಟಿದ್ದೆ. ಅದನ್ನು ಕಟ್ಟಲು ಹೋದರೆ ಚಾಚಾ, "ಮೊದ್ಲು ನಿಂಗ್ ಕಟ್ಕೊ, ಮಿಷಿನ್ ಸರಿ ಐತಾ ನೋಡಾನ," ಎಂದರು. ಕಟ್ಟಿಕೊಂಡೆ. ನನ್ನದೇ ಅವರಿಗಿಂತ ಜಾಸ್ತಿ ಬಂತು. "ಇವ್ನಿಗೇ ಒಂದ್ ಮಾತ್ರೆ ಕೊಡೇ," ಎಂದು ಚಾಚಿಗೆ ಹೇಳಿ ಅವರು ಎದ್ದುಹೋದರು. ಹೀಗೆ ತಪ್ಪಿಸಿಕೊಳ್ಳುವುದರಲ್ಲಿ ಅವರಿಗೆ ಬಹಳ ಚತುರತೆ ಇತ್ತು. ಅಂಗೈಯನ್ನಂತೂ ತೋರಿಸುತ್ತಲೇ ಇರಲಿಲ್ಲ. ಬೀದಿಗೆ ಬಂದರೆ ಕೈ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು, ತಾಲ್ಲೂಕು ಆಫೀಸಿನ ಸಾಹೇಬರ ಹಾಗೆ. ನಾನು ಅದನ್ನೂ ಅಣಕಿಸಿದೆ. ಚಾಚಿ ನಗಲಿಲ್ಲ. ಗೊಂಬೆಗಳಿಗೆ ಕಣ್ಣು ಬರೆಯುವುದು ಅವರ ಕೆಲಸ. ಆ ದಿನಗಳಲ್ಲಿ ಅವರು ಬರೆದ ಗೊಂಬೆಗಳೆಲ್ಲ ಗಾಬರಿಯಿಂದ ನೋಡುತ್ತಿದ್ದವು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ "ರೇಡಿಯೋ" ಎಂದು ಕರೆದರು. ಯಾರೋ ವಯಸ್ಸಾದವರು, ಗಂಟಲಿನಲ್ಲಿ ಮರಳು ತುಂಬಿಕೊಂಡವರು. ಹೊರಗೆ ಬಂದು ನೋಡಿದರೆ ಚಾಚಾ. ಎಂಟು ಮನೆ ಆಚೆಯಿಂದ ಕೆಮ್ಮಿದರೂ ಯಾರೆಂದು ಹೇಳುವವನು ನಾನು, ದಿನಾ ಕೇಳುವ ದನಿಯನ್ನು ಗುರುತಿಸಲಿಲ್ಲ.

"ಚಾಚಾ, ಸಿಸ್ಟರ್ ಹೇಳಿದ್ರಲ್ಲ, ದನಿ ಬದಲಾದ್ರೆ..."

"ಶೀತ ಕಣ್ಲಾ."

ಶುಕ್ರವಾರ ಫೋನ್ ಬಂದಾಗ ಅವರು ಇನ್ನೂ ನಮಾಜಿನಿಂದ ಬಂದಿಲ್ಲವೆಂದು ಚಾಚಿ ಹೇಳಿದರು. ಅವರು ಪಕ್ಕದಲ್ಲೇ ಕೂತು ಚಹಾ ಊದುತ್ತಿದ್ದರು. ಅದರ ಮುಂದಿನ ವಾರವೂ ಅದೇ. ಆಗ ಸಿಸ್ಟರ್, "ಬರೋ ವಾರ ಅವರೇ ಮಾತಾಡಬೇಕು. ಅವರ ದನಿ ಕೇಳದೆ ನಾನು ಫೋನ್ ಇಡಲ್ಲ," ಎಂದರಂತೆ. ಚಾಚಿ ನನ್ನ ತಾಯಿಯ ಬಳಿ ಬಂದು ಇದನ್ನು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಮನೇಲಿ ನಾನ್ ಹೇಳಿದ್ರೆ ಕೇಳಾಕಿಲ್ಲ. ಕೈ ಮುಟ್ಟಾಕೆ ಬಿಡಾಕಿಲ್ಲ. ರೊಟ್ಟಿ ಮುರ್ಯಾಕೆ ಆಯ್ತಿಲ್ಲ, ನಾನೇ ಚೂರ್ ಮಾಡಿ ಇಡ್ತೀನಿ."

ಆ ಶುಕ್ರವಾರ ನನಗೆ ರಜೆ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಗೋಡೆಯಾಚೆ ಲೇತು ಶುರುವಾಯಿತು, ತಟ್ಟನೆ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಬೆಕ್ಕು ಎದ್ದು ಕೂತಿತು. ನಾನು ಕೈ ತೊಳೆಯದೆ ಓಡಿದೆ.

ಚಾಚಾ ಲೇತಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಮುಂದೆ ಒಂದು ಸಣ್ಣ ದೀಪ ಉರಿಯುತ್ತಿತ್ತು. ಎಡಗೈಯಲ್ಲಿ ಕೆಂಪು ಅರಗಿನ ಕಡ್ಡಿ. ಅದನ್ನು ದೀಪಕ್ಕೆ ಹಿಡಿದು, ಕರಗಿದ ತುದಿಯನ್ನು ಬಾಯಿಂದ ಒಮ್ಮೆ ಊದಿ, ಬಲ ಅಂಗೈಯ ಸೀಳಿನೊಳಕ್ಕೆ ಒತ್ತುತ್ತಿದ್ದರು. ನಾನು ನೋಡುತ್ತಿರುವಂತೆಯೇ ಒತ್ತಿದರು. ಹಲ್ಲು ಕಚ್ಚಿಕೊಂಡಿದ್ದರು. ಜಡ್ಡಿನ ಸುತ್ತ ಚರ್ಮ ಬೊಬ್ಬೆ ಎದ್ದು ಒಡೆದು ಬಾಯಿ ಬಿಟ್ಟಿತ್ತು. ಸೀಳುಗಳಲ್ಲೆಲ್ಲ ಕೆಂಪು, ಹಳದಿ, ಒಂದು ಕಡೆ ಹಸಿರು ಅರಗು. ಹಿಮ್ಮಡಿಗಳಲ್ಲೂ ಅದೇ. ನಮ್ಮ ಕಡೆ ಮರದ ತುಂಡು ಸೀಳು ಬಿಟ್ಟರೆ ಬಿಸಾಡುವುದಿಲ್ಲ, ಅರಗು ತುಂಬಿ ತಿರುಗಿಸಿಬಿಟ್ಟರೆ ಸೀಳಿತ್ತೆಂದು ಮಾಡಿದವನಿಗೂ ಮರೆತುಹೋಗುತ್ತದೆ. ಅವರು ತಮ್ಮ ಕೈಗೂ ಅದನ್ನೇ ಮಾಡಿದ್ದರು.

"ಏನ್ ಚಾಚಾ ಇದು!"

"ಕೂಗ್ಬೇಡ ಕಣ್ಲಾ. ಸೀಳು ಮುಚ್ಚಿದ್ರೆ ಉರಿ ಕಮ್ಮಿ. ಉಳಿ ಹಿಡೀಬೋದು."

ಕೈ ಹಿಡಿದೆ. ಕೈ ಮಾತ್ರವಲ್ಲ, ತೋಳೆಲ್ಲ ಸುಡುತ್ತಿತ್ತು. ಜ್ವರ. ಒಂದು ಸೀಳಿನ ಅಂಚಿನಲ್ಲಿ ಅರಗಿನ ಕೆಳಗಿನಿಂದ ಕೀವು ಇಣುಕುತ್ತಿತ್ತು. ನನಗೆ ಬಾಯಿ ಒಣಗಿತು. ನನ್ನ ಬಾಯಿ ಒಣಗುವುದು ಅಪರೂಪ.

"ಸಿಸ್ಟರಿಗೆ ಹೇಳ್ಬೇಕು. ಈಗ್ಲೇ."

"ಹೇಳುದ್ರೆ ಏನಾಯ್ತದೆ?" ಆ ಮರಳಿನ ದನಿಯಲ್ಲಿ ಅವರು ಕೇಳಿದರು. "ಮಾಗಡಿಯೋರ್ ಹೇಳುದ್ರು. ಮಾತ್ರೆ ನಿಲ್ಸುದ್ರು. ಆಮೇಲೆ ಬೆಂಚಲ್ಲಿ ಯಾರಿದ್ರು? ನೀನೇ ನೋಡ್ದಲ್ಲ. ಮಾತ್ರೆ ಇರೋಗಂಟ ನಾನಿರ್ತೀನಿ. ಕೈ ಹೋದ್ರೆ ಹೋಗ್ಲಿ, ಕಾಲ್ ಹೋದ್ರೆ ಹೋಗ್ಲಿ. ಮಗಳ ಕೂಸು ಇನ್ನೂ ತಾತ ಅನ್ನಾಕೆ ಕಲ್ತಿಲ್ಲ."

ಅಷ್ಟೂ ವಾರಗಳ 'ಆರಾಮ'ದ ಹಿಂದೆ ಇದ್ದದ್ದು ಇಷ್ಟು. ಬಾಗಿಲಲ್ಲಿ ನಿಂತ ಚಾಚಿ ಗೋಡೆಗೆ ಹಣೆ ಒತ್ತಿಕೊಂಡರು.

ಆಗ ಫೋನ್ ಹೊಡೆದುಕೊಂಡಿತು. ಶುಕ್ರವಾರ. ಸಿಸ್ಟರ್.

ಚಾಚಾ ಫೋನನ್ನು ಎರಡು ಬೆರಳಿನ ತುದಿಯಲ್ಲಿ ಎತ್ತಿ ನನ್ನ ಕಡೆ ಚಾಚಿದರು. ಅವರ ಕಣ್ಣಲ್ಲಿ ನಾನು ಹಿಂದೆಂದೂ ನೋಡದ ಒಂದು ಬೇಡಿಕೆ ಇತ್ತು.

"ನೀನ್ ಮಾತಾಡು. ನನ್ ಹಳೇ ಗಂಟ್ಲಲ್ಲಿ. ನಿಂಗ್ ಬತ್ತದಲ್ಲ. 'ಆರಾಮ' ಅನ್ನು, ಇಟ್ಬುಡು. ಒಂದ್ ಮಾತು ಕಣ್ಲಾ, ಬೇಟಾ."

ನನ್ನ ಕಲೆಗೆ ಇಂಥ ಆರ್ಡರು ಯಾವತ್ತೂ ಬಂದಿರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ತೆಗೆದುಕೊಂಡೆ. ಸ್ಪೀಕರ್ ಒತ್ತಿದೆ. ಕತ್ತು ಎಡಕ್ಕೆ ವಾಲಿತು, ತುಟಿ ತಾನಾಗಿ ಮುಂದೆ ಬಂದು ಊದಿತು. ಇದಾವುದನ್ನೂ ನಾನು ಬೇಕೆಂದು ಮಾಡಲಿಲ್ಲ.

"ನಮಸ್ಕಾರ, ಹೇಗಿದ್ದೀರಿ?" ಎಂದರು ಸಿಸ್ಟರ್.

"ಆರಾ..." ಎಂದೆ, ಅವರ ದನಿಯಲ್ಲಿ. ಎದುರಿಗೆ ಚಾಚಾ ತಲೆಯಾಡಿಸಿದರು, ಹಾಂ, ಹಾಗೇ. ಅವರ ಅಂಗೈ ನೆಲದ ಮೇಲೆ ಮಲಗಿತ್ತು, ಬಣ್ಣಬಣ್ಣವಾಗಿ. ಮುಂದಿನ ಅಕ್ಷರ ನನ್ನ ಬಾಯಿಗೆ ಬರಲಿಲ್ಲ.

"ಆರಾಮಿಲ್ಲ ಸಿಸ್ಟರಮ್ಮ," ಎಂದೆ. ಅದೇ ದನಿ. "ಅಂಗೈ ಸೀಳೋಗೈತೆ. ಹಿಮ್ಮಡಿ ಸೀಳೋಗೈತೆ. ಅರಗು ಕಾಯ್ಸಿ ತುಂಬ್ಕೊಂಡಿವ್ನಿ. ಕೀವಾಗೈತೆ, ಜ್ವರ ಬಂದೈತೆ. ಹೊಟ್ಟೆ ನಿಲ್ತಿಲ್ಲ. ಗಂಟ್ಲು ಹೋಗೈತೆ, ಇದು ನನ್ ಗಂಟ್ಲಲ್ಲ, ಪಕ್ಕದ್ಮನೆ ಹುಡುಗನ್ದು. ಹೇಳಿದ್ರೆ ಮಾತ್ರೆ ನಿಲ್ಲಿಸ್ತೀರ ಅಂತ ಹೆದ್ರಿಕೆ ನಂಗೆ. ಅದ್ಕೇ ಹೇಳ್ಲಿಲ್ಲ."

ಹೆದರಿಕೆ ಎಂಬ ಮಾತನ್ನು ಆ ದನಿ ಅವತ್ತಿನವರೆಗೆ ಆಡಿರಲಿಲ್ಲ. ಚಾಚಾ ತಮ್ಮ ದನಿ ತಮ್ಮ ಎದುರಿಗೇ ಹಾಗೆ ಹೇಳುವುದನ್ನು ಕತ್ತು ವಾಲಿಸಿ ಕೇಳಿದರು. ಕಡ್ಡಿ ಕೈಯಿಂದ ಉರುಳಿತು.

ಫೋನಿನಲ್ಲಿ ಪುಸ್ತಕದ ಕನ್ನಡ ಕಿತ್ತುಕೊಂಡು ದೊಡ್ಡಆಲಹಳ್ಳಿ ಹೊರಗೆ ಬಂತು.

"ಅರಗಾ? ಅರಗ್ ಯಾರಾದ್ರೂ ಕೈಗಾಕಂತಾರಾ? ನೀವೇನ್ ಬುಗುರಿನಾ? ತಡೀರಿ, ಡಾಕ್ಟ್ರನ್ನ ಕೇಳ್ತೀನಿ, ಫೋನ್ ಮಡಗ್ಬೇಡಿ." ಮತ್ತೆ ಬಂದಾಗ ಉಸಿರು ಏರಿತ್ತು. "ಇವತ್ತಿನ್ ಮಾತ್ರೆ ನುಂಗ್ಬೇಡಿ. ಆ ಅರಗ್ ನೀವ್ ಕೀಳಾಕ್ ಹೋಗ್ಬೇಡಿ, ಚರ್ಮ ಬಂದ್ಬುಡ್ತದೆ. ನೀರು ಕುಡೀತಾ ಈಗಿಂದೀಗ್ಲೇ ಹೊಂಟ್ ಬನ್ನಿ. ಪಕ್ಕದ್ಮನೆ ಹುಡುಗ, ನೀನೇ ಕರ್ಕೊಂಡ್ ಬಾ!"

ಫೋನ್ ಇಟ್ಟ ಮೇಲೆ ಬೈಗುಳಕ್ಕೆ ಕಾದೆ. ಚಾಚಾ ಅಂಗೈ ನೋಡಿಕೊಂಡರು.

"ನಂಗ್ ಅಷ್ಟ್ ಚೆನ್ನಾಗ್ ಹೇಳಾಕ್ ಬತ್ತಿರ್ಲಿಲ್ಲ ಕಣ್ಲಾ," ಎಂದರು.

ಬೈರಾಪಟ್ಟಣದ ನನ್ನ ಸ್ನೇಹಿತನ ಕಾರು ಬಂತು. ಬಿಡದಿ ದಾಟುವಾಗ ಅವರ ಹಲ್ಲು ಕಟಕಟ ಎನ್ನುವುದು ಕೇಳಿಸಿತು, ಚಳಿಜ್ವರ. ಏನಾದರೂ ತಮಾಷೆ ಮಾಡೋಣವೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದೆ. ಚಾಚಿ ಅವರ ಮಣಿಕಟ್ಟನ್ನು ಹಿಡಿದಿದ್ದರು, ಅಂಗೈ ಮುಟ್ಟದ ಹಾಗೆ.

ಸಿಸ್ಟರ್ ಅಂಗೈಗೆ ಎಣ್ಣೆಯಂಥದ್ದೇನೋ ಹಚ್ಚಿ ನೆನೆಸಿ, ಚಿಮಟದಿಂದ ಒಂದೊಂದೇ ಚೂರು ಅರಗನ್ನು ತೆಗೆದರು. ಟ್ರೇಯಲ್ಲಿ ಕೆಂಪು, ಹಳದಿ, ಹಸಿರು ಚೂರುಗಳು ಬಿದ್ದವು. ಚಾಚಾ "ಉಸ್" ಕೂಡ ಎನ್ನಲಿಲ್ಲ. ಸಿಸ್ಟರೇ, "ನೋವಾದ್ರೆ ಕೂಗಿ, ಇಲ್ಲಿ ಫ್ರೀ," ಎಂದರು. ಆಗ ಮೊದಲ ಸಲ ಕೂಗಿದರು. ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು. ಆ ಒಡಕು ದನಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ.

ಸೋಂಕಿಗೆ ಡ್ರಿಪ್ ಹಾಕಿ ಅಡ್ಮಿಟ್ ಮಾಡಿಕೊಂಡರು. ಮಾತ್ರೆ ನಿಲ್ಲಿಸಿದರು. ಅವರು ಹೆದರಿದ್ದೇ ಆಯಿತು. ಮಾತ್ರೆಯಿಲ್ಲದ ಆ ದಿನಗಳಲ್ಲಿ ಚಾಚಾ ಬಲ ಪಕ್ಕೆಲುಬಿನ ಕೆಳಗೆ ಮಣಿಕಟ್ಟು ಒತ್ತಿಕೊಂಡೇ ಇರುತ್ತಿದ್ದರು. "ನೋಡ್ಲಾ, ಬೆಳೀತೈತಾ?" ನಾನು ನೋಡಿ ಏನು ಹೇಳಲಿ? ನನಗೂ ಅದು ಬೆಳೆಯುತ್ತಿರುವಂತೆಯೇ ಕಾಣುತ್ತಿತ್ತು. ಡಾಕ್ಟರು ರೌಂಡ್ಸಿಗೆ ಬಂದಾಗ ಇದನ್ನೇ ಕೇಳಿದರು. ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತರು.

"ಮಾತ್ರೆ ನಾಕು ದಿನ ನಿಲ್ಸಿದ್ರೆ ಗಡ್ಡೆ ಎದ್ದು ಓಡಲ್ಲ. ಕೈ ಮಾಗ್ಲಿ, ಡೋಸ್ ತಗ್ಗಿಸಿ ಮತ್ತೆ ಶುರು ಮಾಡ್ತೀನಿ."

"ಕಮ್ಮಿ ಮಾತ್ರೆ ಅಂದ್ರೆ ಕಮ್ಮಿ ಆಯುಸ್ಸಾ ಸಾರ್?"

"ಆಯುಸ್ಸಿನ ಮಾತು ನಾನ್ ಹೇಳಕ್ಕಾಗಲ್ಲ. ಪೂರ್ತಿ ಡೋಸ್ ತಗೊಂಡು ಹೀಗೆ ಬಂದು ಮಲಗೋದಕ್ಕಿಂತ, ಕಡಿಮೆ ಡೋಸ್ ಬಹಳ ದಿನ ತಗೊಳ್ಳೋದು ಒಳ್ಳೇದು. ಅದು ಮಾತ್ರ ಗೊತ್ತು."

ಚಾಚಾ ಒಪ್ಪಿದಂತೆ ಕಾಣಲಿಲ್ಲ. ಅವರನ್ನು ಒಪ್ಪಿಸಿದವರು ಬೇರೆ. ಮರುದಿನ ಚಹಾ ತರಲು ಕೆಳಗೆ ಹೋದರೆ ಕ್ಯಾಂಟೀನಿನಲ್ಲಿ ಮಾಗಡಿಯ ಕುರಿಯವರು ಇಡ್ಲಿ ತಿನ್ನುತ್ತಿದ್ದರು. ನಾನು ಎದುರು ನಿಂತು, "ನೀವು ಇದೀರಾ?" ಎಂದುಬಿಟ್ಟೆ.

"ಇರ್ದೆ ಎಲ್ಲೋಗ್ಲಿ?" ಎಂದರು. ಅವರು ಆಸ್ಪತ್ರೆಗೆ ಬರುವ ವಾರ ಬದಲಾಗಿತ್ತಂತೆ, ಅಷ್ಟೇ. ಮಾತ್ರೆ ಕಡಿಮೆ ಮಾಡಿ ಮತ್ತೆ ಕೊಟ್ಟಿದ್ದರಂತೆ. ಇಡ್ಲಿ ಮುಗಿಸಲೂ ಬಿಡದೆ ಮೇಲಕ್ಕೆ ಎಳೆದುಕೊಂಡು ಹೋದೆ. ಚಾಚಾ ಅವರನ್ನು ಪಾದದಿಂದ ತಲೆಯವರೆಗೆ ನೋಡಿ, ಕತ್ತು ವಾಲಿಸಿ, "ಮುಂದಿನ್ ಸಲ ವಾರ ಬದ್ಲಾದ್ರೆ ಬೆಂಚ್ ಮೇಲೆ ಬರೆದ್ ಹೋಗಿ ಸ್ವಾಮಿ," ಎಂದರು. ಮೊದಲು ಭುಜ ನಕ್ಕಿತು. ಆಮೇಲೆ ಬಾಯಿ.

ಕಡಿಮೆ ಡೋಸಿನಲ್ಲಿ ಮತ್ತೆ ಶುರುವಾಯಿತು. ಕಪಾಟಿನಿಂದ ಕ್ರೀಮ್ ಹೊರಗೆ ಬಂತು. ಫ್ಯಾಕ್ಟರಿಯಲ್ಲಿ ನಾವು ಹಾಕುವಂಥ ಹತ್ತಿಯ ಗ್ಲೌಸನ್ನು ತಂದುಕೊಟ್ಟೆ, ಕ್ರೀಮ್ ಹಚ್ಚಿ ಅದನ್ನು ಹಾಕಿಕೊಂಡು ಕೂರುತ್ತಿದ್ದರು. "ಈಗ ನಾನೂ ಬಿಡದಿ ಎಂಪ್ಲಾಯಿ" ಎನ್ನುತ್ತಿದ್ದರು. ಕೈಕಾಲು ತೊಳೆಯಲು ತಣ್ಣೀರು, ಮಸೀದಿಯಲ್ಲಿ ಕುರ್ಚಿ, ಮೆತ್ತನೆ ಚಪ್ಪಲಿ. ಭೇದಿಗೆ ಏನು ತಿನ್ನಬೇಕು, ಯಾವ ಮಾತ್ರೆ ಯಾವಾಗ ಎಂದು ಸಿಸ್ಟರನ್ನು ಕೇಳದೆ ಚಾಚಿ ಒಲೆ ಹಚ್ಚುತ್ತಿರಲಿಲ್ಲ. ಹಿತೈಷಿಗಳು ತಂದ ಕಷಾಯಗಳೆಲ್ಲ ಫೋನಿನಲ್ಲಿ ಸಿಸ್ಟರಿಗೆ ಹಾಜರಿ ಹಾಕಿ ಚರಂಡಿ ಸೇರಿದವು.

ಜಡ್ಡು ಕಳಚಿಬಿತ್ತು. ಅದರ ಕೆಳಗಿನಿಂದ ಎಳೆ ಮಗುವಿನಂಥ ಗುಲಾಬಿ ಚರ್ಮ ಬಂತು. ಆ ಕೈಗೆ ಉಳಿ ಹಿಡಿಯಲಾಗಲಿಲ್ಲ. ಲೇತಿನ ಮುಂದೆ ಚಾಚಿ ಕೂತರು, ಚಾಚಾ ಕುಂಚ ಹಿಡಿದರು. ಅವರು ಕಣ್ಣು ಬರೆದ ಮೊದಲ ಗೊಂಬೆಗಳೆಲ್ಲ ಮೆಳ್ಳೆಗಣ್ಣಿನವು. "ಇವು ನಮ್ ಸೂಪರ್‌ವೈಸರ್ ನೋಡ್ದಂಗೇ ನೋಡ್ತವೆ ಚಾಚಾ, ಒಂದ್ ಕಣ್ಣು ಕೆಲ್ಸದ್ ಮೇಲೆ, ಒಂದ್ ಕಣ್ಣು ಗೇಟಿನ್ ಮೇಲೆ," ಎಂದೆ. "ನೀನ್ ನಂಗೆ ಪಾಠ ಹೇಳ್ಬೇಡ, ನಗೋದ್ ಕಲ್ಸಿದ್ದೇ ನಾನು," ಎಂದರು. ಲೇತಿನ ಸದ್ದು ಬದಲಾಗಿತ್ತು, ಚಾಚಿಯ ಕೈ ಅವಸರದ್ದು. ಬೆಕ್ಕು ಹೊಂದಿಕೊಂಡಿತು.

ಶುಕ್ರವಾರದ ಫೋನಿಗೆ ಮಾತ್ರ ಚಾಚಾ ಕಾಯುವುದನ್ನು ನೋಡಬೇಕಿತ್ತು. ನಮಾಜ್ ಮುಗಿಸಿ ಬಂದು ಫೋನನ್ನು ಊದಿ ಎದುರಿಗೆ ಇಟ್ಟುಕೊಳ್ಳುತ್ತಿದ್ದರು. ಆ ಒಡಕು ದನಿಯಲ್ಲೇ ಶುರು. ಎಡ ಹಿಮ್ಮಡಿ, ಬಲ ಹಿಮ್ಮಡಿ, ಬಾಯಿಯ ಮೇಲ್ಭಾಗ, ಬೆಳಗಿನ ಬಿ.ಪಿ., ಸಂಜೆಯ ಬಿ.ಪಿ., ಊಟದ ರುಚಿ. ಅಷ್ಟೂ ಮುಗಿದ ಮೇಲೆ ಸೊಳ್ಳೆ ಕಾಟ, ಗ್ರಾಹಕರ ಕಾಟ, ನನ್ನ ಕಾಟ. "ಸಾಕು ಚಾಚಾ, ನನ್ನ ಲಿಸ್ಟಲ್ಲಿ ಇನ್ನೂ ಜನ ಇದಾರೆ," ಎಂದು ಸಿಸ್ಟರೇ ಬೇಡಿಕೊಳ್ಳುತ್ತಿದ್ದರು. ಅವರ ಒಳಗೆ ಇಷ್ಟೊಂದು ದೂರುಗಳಿದ್ದವೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಾಚಿ ಲೇತು ನಿಲ್ಲಿಸಿ ಕೇಳುತ್ತಿದ್ದರು.

ಮಗಳ ಕೂಸು ತಾತ ಎಂದಿತು. ಆಮೇಲೆ ನಡೆಯಿತು. ಅದರ ನಂತರದ ಬೇಸಿಗೆಯಲ್ಲಿ ಚಾಚಾರ ಕಣ್ಣು ಹಳದಿಯಾದವು, ಹೊಟ್ಟೆಯಲ್ಲಿ ನೀರು ತುಂಬಿತು.

ಆ ದಿನ ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟನ್ನು ಪಕ್ಕಕ್ಕಿಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಲಿವರಿಗೆ ಇನ್ನು ಮಾತ್ರೆ ತಡೆಯುವ ಶಕ್ತಿ ಇಲ್ಲ, ನಿಲ್ಲಿಸೋಣ, ಮತ್ತೆ ಶುರು ಮಾಡುವುದಿಲ್ಲ, ಇನ್ನು ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ ಎಂದರು. ಸುತ್ತಿ ಬಳಸಿ ಹೇಳಲಿಲ್ಲ. ಚಾಚಿ ನನ್ನ ತೋಳು ಹಿಡಿದರು, ಉಗುರು ನೆಟ್ಟಿತು. ನಾನು ಚಾಚಾರ ಮುಖ ನೋಡಲಾರದೆ ಅವರ ಅಂಗೈ ನೋಡಿದೆ. ಮೃದುವಾಗಿ, ತೆರೆದುಕೊಂಡು, ತೊಡೆಯ ಮೇಲಿತ್ತು.

ಅವರು ಡಾಕ್ಟರನ್ನು ಏನೂ ಕೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ಕಡೆ ಕತ್ತು ತಿರುಗಿಸಿದರು.

"ಮಾತ್ರೆ ನಿಂತ್ರೆ ಫೋನೂ ನಿಂತೋಯ್ತದಾ ಸಿಸ್ಟರಮ್ಮ?"

"ಇಲ್ಲ ಚಾಚಾ. ಫೋನ್ ಯಾಕ್ ನಿಲ್ತದೆ?" ಸಿಸ್ಟರ್ ಊರಿನ ಮಾತಿಗೆ ಇಳಿದಿದ್ದರು, ಆದರೆ ಸಿಟ್ಟಿರಲಿಲ್ಲ.

"ಹಂಗಾದ್ರೆ ಸರಿ," ಎಂದು ಚಾಚಾ ಎದ್ದು ನಿಂತರು.

ಕೊನೆಯ ಶುಕ್ರವಾರ ಅವರಿಗೆ ಫೋನ್ ಹಿಡಿಯಲು ಆಗುತ್ತಿರಲಿ‌ಲ್ಲ. ನಾನು ದಿಂಬಿನ ಪಕ್ಕ ಕೂತು ಕಿವಿಯ ಹತ್ತಿರ ಹಿಡಿದೆ. ಸಿಸ್ಟರ್ ಎಂದಿನಂತೆ, "ಹೇಗಿದ್ದೀರಿ?" ಎಂದು ಕೇಳಿದರು. ಚಾಚಾ ಉಸಿರು ಕೂಡಿಸಿಕೊಂಡು, ಎಲ್ಲಿ ನೋವಿದೆ, ಎಷ್ಟಿದೆ, ಯಾವ ಮಗ್ಗುಲಿಗೆ ತಿರುಗಿದರೆ ಕಡಿಮೆ ಎನ್ನುವುದನ್ನು ಒಂದೊಂದಾಗಿ ಹೇಳತೊಡಗಿದರು. ನಡುನಡುವೆ ದನಿ ಹೊರಡದೆ ತುಟಿ ಮಾತ್ರ ಆಡುತ್ತಿತ್ತು. ಅಂಥ ಕಡೆಯಲ್ಲೂ ನಾನು ಬಾಯಿ ಹಾಕಲಿಲ್ಲ. ಸಿಸ್ಟರೂ ಅವಸರ ಮಾಡಲಿಲ್ಲ. ಚಾಚಾ ಹೇಳಿ ಮುಗಿಸುವವರೆಗೂ ಕಾದರು.